ವೇಗಮಾಪಕ ಕೇಬಲ್: ದೋಷಪತ್ತೆ ಮತ್ತು ಬದಲಾವಣೆ

ವೇಗಮಾಪಕ ಕೇಬಲ್ ಎಂದರೆ ವಾಹನದ ಗಾಲಿ ಅಥವಾ ಗೇರ್‌ಬಾಕ್ಸ್ ತಿರುಗುವುದನ್ನು ಚಾಲಕನ ಮುಂದಿರುವ ಮೀಟರಿಗೆ ಒಯ್ಯುವ, ಬಾಗುವ ಗುಣವುಳ್ಳ ಉಕ್ಕಿನ ತಂತಿ ಮತ್ತು ಅದರ ಕವಚ. ಬ್ರೇಕ್, ಕ್ಲಚ್, ಆಕ್ಸಿಲರೇಟರ್ ಕೇಬಲ್‌ಗಳು ಎಳೆತವನ್ನು ಸಾಗಿಸುತ್ತವೆ. ಇದು ತಿರುಗುವಿಕೆಯನ್ನು ಸಾಗಿಸುತ್ತದೆ. ಎಲೆಕ್ಟ್ರಾನಿಕ್ ಸಂವೇದಕಗಳು ಬರುವ ಮೊದಲು ಸ್ಕೂಟರ್, ಮೋಟಾರ್‌ಸೈಕಲ್, ಆಟೊರಿಕ್ಷಾ, ಕಾರು, ಜೀಪು, ಲಾರಿಗಳೆಲ್ಲದರಲ್ಲೂ ವೇಗ ಮತ್ತು ದೂರವನ್ನು ಅಳೆಯಲು ಈ ಕೇಬಲ್ಲೇ ಆಧಾರವಾಗಿತ್ತು.

ಪರಿಭಾಷೆ

ಈ ಲೇಖನದಲ್ಲಿ ವೇಗ ತೋರಿಸುವ ಭಾಗಕ್ಕೆ ವೇಗಮಾಪಕ, ಓಡಿದ ಕಿಲೋಮೀಟರ್‌ಗಳನ್ನು ಎಣಿಸುವ ಭಾಗಕ್ಕೆ ದೂರಮಾಪಕ, ಎರಡನ್ನೂ ಒಳಗೊಂಡ ಉಪಕರಣಕ್ಕೆ ಮೀಟರ್ ಎಂಬ ಪದಗಳನ್ನು ಬಳಸಲಾಗಿದೆ. ತಿರುಗುವ ತಂತಿಯು ಒಳತಂತಿ. ಅದನ್ನು ಸುತ್ತುವರಿದು ಕದಲದೆ ಇರುವ ಕೊಳವೆ ಹೊರಕವಚ. ಗಾಲಿ ಅಥವಾ ಗೇರ್‌ಬಾಕ್ಸಿಗೆ ಸೇರುವ ತುದಿ ಚಾಲನೆ ತುದಿ. ಮೀಟರಿಗೆ ಸೇರುವುದು ಮೀಟರ್ ತುದಿ. ಗ್ಯಾರೇಜುಗಳಲ್ಲಿ ಇಡೀ ಜೋಡಣೆಗೆ ಮೀಟರ್ ಕೇಬಲ್ ಎಂದೂ ಒಳತಂತಿಗೆ ಇನ್ನರ್, ಹೊರಕವಚಕ್ಕೆ ಔಟರ್, ಕೇಬಲನ್ನು ತಿರುಗಿಸುವ ಚಾಲಕ ಗೇರಿಗೆ ಮೀಟರ್ ವರ್ಮ್ ಅಥವಾ ಮೀಟರ್ ಪಿನಿಯನ್ ಎಂದೂ ಹೇಳುವ ರೂಢಿಯಿದೆ.

ಹಿನ್ನೆಲೆ

ಕೇಬಲ್ ಚಾಲಿತ ವೇಗಮಾಪಕದ ತಳಹದಿ ಸುಳಿವಿದ್ಯುತ್ (ಎಡ್ಡಿ ಕರೆಂಟ್) ಪರಿಣಾಮ. ತಿರುಗುವ ತಾಮ್ರದ ತಟ್ಟೆಯು ಹತ್ತಿರದ ಕಾಂತಸೂಜಿಯನ್ನು ತನ್ನೊಡನೆ ಎಳೆಯುತ್ತದೆ ಎಂಬುದನ್ನು ಫ್ರಾನ್ಸಿನ ವಿಜ್ಞಾನಿ ಅರಾಗೊ 1824ರಲ್ಲಿ ಗಮನಿಸಿದ. ವಿದ್ಯುತ್ಕಾಂತೀಯ ಪ್ರೇರಣೆಯನ್ನು 1831ರಲ್ಲಿ ಕಂಡುಹಿಡಿದ ಮೈಕೆಲ್ ಫ್ಯಾರಡೆ ಇದರ ಕಾರಣವನ್ನು ವಿವರಿಸಿದ. ಜರ್ಮನಿಯ ಒಟ್ಟೊ ಶುಲ್ಜೆ ಇದೇ ತತ್ತ್ವದ ಮೇಲೆ ರೂಪಿಸಿದ ವೇಗಮಾಪಕಕ್ಕೆ 1902ರಲ್ಲಿ ಪೇಟೆಂಟ್ ಪಡೆದ. ಮುಂದಿನ ಸುಮಾರು ಎಂಟು ದಶಕಗಳ ಕಾಲ ಮೋಟಾರು ವಾಹನಗಳ ವೇಗಮಾಪಕ ಮೂಲತಃ ಇದೇ ಮಾದರಿಯಲ್ಲಿ ಉಳಿಯಿತು.

ಭಾರತದಲ್ಲಿ ಹಿಂದೂಸ್ತಾನ್ ಅಂಬಾಸಡರ್, ಪ್ರೀಮಿಯರ್ ಪದ್ಮಿನಿ, ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಜಾವಾ ಮತ್ತು ಯೆಜ್ಡಿ, 1972ರಲ್ಲಿ ಬಂದ ಬಜಾಜ್ ಚೇತಕ್, 1983ರ ಮಾರುತಿ 800, 1985ರ ಹೀರೊ ಹೋಂಡಾ ಸಿಡಿ 100 ಮೊದಲಾದವು ಕೇಬಲ್ ಮೀಟರ್ ಹೊಂದಿದ್ದ ವಾಹನಗಳು. 1956ರ ತೂಕ ಮತ್ತು ಅಳತೆಗಳ ಕಾಯಿದೆಯ ಮೂಲಕ ದೇಶ ಮೆಟ್ರಿಕ್ ಪದ್ಧತಿಗೆ ಬದಲಾಯಿತು. ಅದಕ್ಕೂ ಹಿಂದಿನ ವಾಹನಗಳ ಮೀಟರಿನಲ್ಲಿ ಮೈಲಿಯ ಅಂಕಿಗಳಿರುತ್ತವೆ.

ರಚನೆ

ಇಡೀ ವ್ಯವಸ್ಥೆಯಲ್ಲಿ ಮೂರು ಘಟಕಗಳಿವೆ: ಚಾಲಕ ಗೇರು, ಕೇಬಲ್, ಮೀಟರ್.

ಚಾಲಕ ಗೇರು ಇರುವ ಜಾಗ ವಾಹನದಿಂದ ವಾಹನಕ್ಕೆ ಬೇರೆ. ಹೆಚ್ಚಿನ ದ್ವಿಚಕ್ರ ವಾಹನಗಳಲ್ಲಿ ಅದು ಮುಂಗಾಲಿಯ ಹಬ್ಬಿನಲ್ಲಿರುತ್ತದೆ. ಹಿಂಗಾಲಿಗಳಿಂದ ಓಡುವ ಕಾರು ಮತ್ತು ಜೀಪುಗಳಲ್ಲಿ ಗೇರ್‌ಬಾಕ್ಸಿನ ಹಿಂಭಾಗದ ಶಾಫ್ಟಿನ ಮೇಲೆ ತಿರುಪಿನಾಕಾರದ ವರ್ಮ್ ಇದ್ದು, ಅದಕ್ಕೆ ಕೂಡಿದ ಸಣ್ಣ ಪಿನಿಯನ್ ಕೇಬಲನ್ನು ತಿರುಗಿಸುತ್ತದೆ. ಮಾರುತಿ 800ರಂತಹ ಮುಂಗಾಲಿ ಚಾಲನೆಯ ಕಾರುಗಳಲ್ಲಿ ಗೇರ್‌ಬಾಕ್ಸಿನೊಂದಿಗೇ ಇರುವ ಡಿಫರೆನ್ಷಿಯಲ್ ಭಾಗದಿಂದ ಚಾಲನೆ ದೊರೆಯುತ್ತದೆ. ಪಿನಿಯನ್ ಹಲವು ವಾಹನಗಳಲ್ಲಿ ನೈಲಾನಿನದು.

ಒಳತಂತಿಯನ್ನು ತೆಳುವಾದ ಉಕ್ಕಿನ ಎಳೆಗಳಿಂದ ಪದರ ಪದರವಾಗಿ ಸುತ್ತಿರುತ್ತಾರೆ. ಒಂದು ಪದರದ ಸುತ್ತು ಬಲಕ್ಕಿದ್ದರೆ ಮುಂದಿನದು ಎಡಕ್ಕೆ. ಹೀಗಾಗಿ ಅದು ಸುಲಭವಾಗಿ ಬಾಗಿದರೂ ತಿರುಚುವ ಬಲವನ್ನು ತಡೆದುಕೊಳ್ಳುತ್ತದೆ. ಚಾಲನೆಯ ದಿಕ್ಕಿನಲ್ಲಿ ತಿರುಗುವಾಗ ಹೊರ ಪದರ ಬಿಗಿಯಾಗುವಂತೆ ಸುತ್ತಿರುವುದರಿಂದ ಎದುರು ದಿಕ್ಕಿನಲ್ಲಿ ಅದರ ಬಲ ಕಡಿಮೆ. ಕಾರುಗಳ ಒಳತಂತಿ ಸುಮಾರು 3 ಮಿಲಿಮೀಟರ್ ದಪ್ಪವಿರುತ್ತದೆ. ತುದಿಗಳನ್ನು ಒತ್ತಿ ಚೌಕಾಕಾರ ಮಾಡಿರುತ್ತಾರೆ; ಕೆಲವು ವಾಹನಗಳಲ್ಲಿ ಒಂದು ತುದಿ ಚಪ್ಪಟೆ ನಾಲಗೆಯಂತಿರುತ್ತದೆ. ಒಳತಂತಿ ಒಂದು ಕಡೆಗೆ ಜಾರಿಹೋಗದಂತೆ ತಡೆಯುವ ಸಣ್ಣ ಬಿಲ್ಲೆಯೊಂದು ತುದಿಯ ಬಳಿ ಇರಬಹುದು.

ಹೊರಕವಚ ಸುರುಳಿ ಉಕ್ಕಿನ ಕೊಳವೆ. ಮೇಲೆ ಪ್ಲಾಸ್ಟಿಕ್ ಲೇಪನವಿರುತ್ತದೆ. ಇದರ ತುದಿಗಳನ್ನು ಕೈಯಲ್ಲೇ ತಿರುಗಿಸಬಹುದಾದ ಗೀರುಗಳುಳ್ಳ ನಟ್, ಸಣ್ಣ ಸ್ಕ್ರೂ ಅಥವಾ ಒತ್ತಿ ಬಿಡಿಸುವ ಕ್ಲಿಪ್ ಹಿಡಿದಿರುತ್ತದೆ.

ಕೆಲಸ ಮಾಡುವ ಬಗೆ

ಒಳತಂತಿಯ ಮೀಟರ್ ತುದಿ ಒಂದು ಕಾಯಂ ಅಯಸ್ಕಾಂತವನ್ನು ತಿರುಗಿಸುತ್ತದೆ. ಅದರ ಸುತ್ತ, ಎಲ್ಲಿಯೂ ತಾಗದಂತೆ, ಅಲ್ಯುಮಿನಿಯಮ್ಮಿನ ಬಟ್ಟಲೊಂದು ಕುಳಿತಿರುತ್ತದೆ. ಅಯಸ್ಕಾಂತ ತಿರುಗಿದಾಗ ಬಟ್ಟಲಿನಲ್ಲಿ ಸುಳಿವಿದ್ಯುತ್ ಹುಟ್ಟಿ, ಬಟ್ಟಲು ಅದೇ ದಿಕ್ಕಿಗೆ ಎಳೆಯಲ್ಪಡುತ್ತದೆ. ಆದರೆ ಬಟ್ಟಲಿನ ದಂಡಕ್ಕೆ ಕೂದಲೆಳೆಯಷ್ಟು ತೆಳುವಾದ ಸುರುಳಿ ಸ್ಪ್ರಿಂಗ್ ಕಟ್ಟಿರುವುದರಿಂದ ಅದು ಪೂರ್ತಿ ಸುತ್ತಲಾರದು. ಎಳೆತ ಮತ್ತು ಸ್ಪ್ರಿಂಗಿನ ತಡೆ ಸಮವಾಗುವ ಕೋನದಲ್ಲಿ ನಿಲ್ಲುತ್ತದೆ. ದಂಡದ ತುದಿಯಲ್ಲಿರುವ ಮುಳ್ಳು ಆ ಕೋನವನ್ನು ವೇಗವಾಗಿ ತೋರಿಸುತ್ತದೆ. ಅಯಸ್ಕಾಂತದ ವೇಗ ಹೆಚ್ಚಿದಷ್ಟೇ ಪ್ರಮಾಣದಲ್ಲಿ ಎಳೆತವೂ ಹೆಚ್ಚುವುದರಿಂದ ಫಲಕದ ಅಂಕಿಗಳು ಸಮಾನ ಅಂತರದಲ್ಲಿರುತ್ತವೆ.

ದೂರಮಾಪಕಕ್ಕೆ ಸುಳಿವಿದ್ಯುತ್ತಿನ ಸಂಬಂಧವಿಲ್ಲ. ಅಯಸ್ಕಾಂತದ ದಂಡದಿಂದಲೇ ಹೊರಟ ವರ್ಮ್ ಗೇರುಗಳು ವೇಗವನ್ನು ಬಹಳಷ್ಟು ತಗ್ಗಿಸಿ ಅಂಕಿಯ ಉರುಳೆಗಳನ್ನು ಹಲ್ಲಿನಿಂದ ಹಲ್ಲಿಗೆ ತಿರುಗಿಸುತ್ತವೆ. ವೇಗದ ಮುಳ್ಳು ಮತ್ತು ಅಂಕಿಯ ಉರುಳೆ ಎರಡಕ್ಕೂ ಕೇಬಲ್ ಒಂದೇ, ಮೀಟರಿನೊಳಗಿನ ದಾರಿ ಬೇರೆ. ದೋಷಪತ್ತೆಯ ಮೊದಲ ಹೆಜ್ಜೆ ಇದನ್ನೇ ಅವಲಂಬಿಸಿದೆ.

ಕೇಬಲಿನ ಸುತ್ತುಗಳಿಗೆ ನಿಗದಿತ ಲೆಕ್ಕವಿದೆ. ಅಮೆರಿಕನ್ ಕಾರುಗಳಲ್ಲಿ ವ್ಯಾಪಕವಾಗಿದ್ದ ಒಂದು ಮಾನದಂಡದಂತೆ ಒಂದು ಮೈಲಿಗೆ ಒಳತಂತಿ 1000 ಸುತ್ತು, ಅಂದರೆ ಕಿಲೋಮೀಟರಿಗೆ ಸುಮಾರು 621 ಸುತ್ತು ತಿರುಗಬೇಕು. ಗಾಲಿಯ ಸುತ್ತುಗಳು ಟಯರಿನ ಅಳತೆಗೆ ತಕ್ಕಂತೆ ಬದಲಾಗುತ್ತವೆ. ಚೇತಕ್ ಸ್ಕೂಟರಿನ 3.50–10 ಟಯರು ಕಿಲೋಮೀಟರಿಗೆ ಸುಮಾರು 740 ಸುತ್ತು ತಿರುಗಿದರೆ, ಮೋಟಾರ್‌ಸೈಕಲ್‌ಗಳ 2.75–18 ಟಯರು ಸುಮಾರು 530 ಸುತ್ತು ತಿರುಗುತ್ತದೆ. ಈ ವ್ಯತ್ಯಾಸವನ್ನು ಚಾಲಕ ಗೇರಿನ ಹಲ್ಲುಗಳ ಪ್ರಮಾಣ ಸರಿದೂಗಿಸುತ್ತದೆ. ಆದ್ದರಿಂದ ಒಂದು ಮಾದರಿಯ ಮೀಟರ್ ಅಥವಾ ಪಿನಿಯನ್ ಇನ್ನೊಂದಕ್ಕೆ ಹೊಂದಿಕೊಂಡರೂ ಸರಿಯಾದ ವೇಗ ತೋರಿಸುವುದಿಲ್ಲ.

ವಿಧಗಳು

ದುರಸ್ತಿಯ ದೃಷ್ಟಿಯಿಂದ ಕೇಬಲ್‌ಗಳಲ್ಲಿ ಎರಡು ವಿಧ. ಮೊದಲನೆಯದರಲ್ಲಿ ಒಳತಂತಿಯನ್ನು ಹೊರಕವಚದಿಂದ ಪೂರ್ತಿ ಹೊರಗೆಳೆಯಬಹುದು. ತುಂಡಾದರೆ ಒಳತಂತಿಯನ್ನಷ್ಟೇ ಬದಲಿಸಿದರೆ ಸಾಕು. ಎರಡನೆಯದರಲ್ಲಿ ತುದಿಗಳನ್ನು ಒತ್ತಿ ಮುಚ್ಚಿರುವುದರಿಂದ ಇಡೀ ಕೇಬಲನ್ನೇ ಬದಲಿಸಬೇಕು. ಕೆಲವು ವಾಹನಗಳಲ್ಲಿ ಕೇಬಲ್ ಎರಡು ತುಂಡುಗಳಾಗಿದ್ದು ನಡುವೆ ಜೋಡಣೆಯಿರುತ್ತದೆ. ಆಗ ಎರಡನ್ನೂ ಬೇರೆಬೇರೆಯಾಗಿ ಪರೀಕ್ಷಿಸಬೇಕಾಗುತ್ತದೆ.

ಕೆಡಲು ಕಾರಣಗಳು

ಮುಖ್ಯ ಕಾರಣಗಳು ನಾಲ್ಕು: ಗ್ರೀಸ್ ಒಣಗುವುದು, ಕಡಿದಾದ ಬಾಗು, ನೀರು ಮತ್ತು ದೂಳು ಒಳಹೋಗುವುದು, ಮೀಟರ್ ಅಥವಾ ಚಾಲಕ ಗೇರು ಬಿಗಿಯಾಗುವುದು. ಗ್ರೀಸ್ ಇಲ್ಲದ ಒಳತಂತಿ ಕವಚಕ್ಕೆ ಉಜ್ಜಿ ಎಳೆಎಳೆಯಾಗಿ ತುಂಡಾಗುತ್ತದೆ. ಕಡಿದಾಗಿ ಬಾಗಿದ ಕಡೆ ತಂತಿ ಪ್ರತಿ ಸುತ್ತಿನಲ್ಲೂ ಮಡಚಿ ಬಿಚ್ಚಿಕೊಳ್ಳುವುದರಿಂದ ಲೋಹ ದಣಿದು ಮುರಿಯುತ್ತದೆ. ಹ್ಯಾಂಡಲಿಗೆ ತೂಗುಹಾಕಿದ ಚೀಲ ಅಥವಾ ಹಾಲಿನ ಕ್ಯಾನು ಕೇಬಲನ್ನು ಒತ್ತಿದರೂ ಇದೇ ಪರಿಣಾಮ. ಮೀಟರಿನ ಬುಷ್ ಹಿಡಿದುಕೊಂಡಾಗ ಗಾಲಿ ತಿರುಗುತ್ತಲೇ ಇರುವುದರಿಂದ ತಿರುಚುವ ಬಲವೆಲ್ಲ ತಂತಿಯ ಮೇಲೆ ಬಿದ್ದು ಅದು ಹಠಾತ್ತಾಗಿ ತುಂಡಾಗುತ್ತದೆ.

ದ್ವಿಚಕ್ರ ವಾಹನಗಳಲ್ಲಿ ಇನ್ನೊಂದು ಕಾರಣವೂ ಉಂಟು. ಪಂಕ್ಚರ್ ಹಾಕಲು ಮುಂಗಾಲಿ ಬಿಚ್ಚಿ ಮತ್ತೆ ಜೋಡಿಸುವಾಗ ಚಾಲಕ ಗೇರಿನ ಕಿವಿಗಳು ಹಬ್ಬಿನ ಖಾಲಿ ಜಾಗಗಳಲ್ಲಿ ಸರಿಯಾಗಿ ಕೂರದಿದ್ದರೆ, ಅಚ್ಚಿನ ನಟ್ ಬಿಗಿ ಮಾಡಿದಾಗ ಅವು ಜಜ್ಜಿಹೋಗುತ್ತವೆ. ಆಗ ಕೇಬಲ್ ಗಟ್ಟಿಯಾಗಿದ್ದರೂ ಮೀಟರ್ ಓಡುವುದಿಲ್ಲ.

ದೋಷಪತ್ತೆ

ಮೊದಲು ಲಕ್ಷಣವನ್ನು ಗುರುತಿಸಲಾಗುತ್ತದೆ.

1. ಮುಳ್ಳು ಮತ್ತು ದೂರಮಾಪಕ ಎರಡೂ ನಿಂತಿದ್ದರೆ ದೋಷ ಕೇಬಲಿನಲ್ಲಿ, ಅದರ ನಟ್ಟಿನಲ್ಲಿ ಅಥವಾ ಚಾಲಕ ಗೇರಿನಲ್ಲಿರುತ್ತದೆ.
2. ದೂರಮಾಪಕ ಓಡುತ್ತಿದ್ದು ಮುಳ್ಳು ಮಾತ್ರ ನಿಂತಿದ್ದರೆ ಕೇಬಲ್ ಸರಿಯಾಗಿದೆ. ಬಟ್ಟಲು, ಸ್ಪ್ರಿಂಗ್ ಅಥವಾ ಮುಳ್ಳು ಕೆಟ್ಟಿದೆ.
3. ಮುಳ್ಳು ಕೆಲಸ ಮಾಡುತ್ತಿದ್ದು ಅಂಕಿಗಳು ನಿಂತಿದ್ದರೆ ದೂರಮಾಪಕದ ಗೇರು ಸವೆದಿದೆ.
4. ಮುಳ್ಳು ನಡುಗುತ್ತಿದ್ದರೆ ಒಳತಂತಿ ಒಣಗಿದೆ, ಎಲ್ಲೋ ಸೊಟ್ಟಗಾಗಿದೆ ಅಥವಾ ಕವಚ ಕಡಿದಾಗಿ ಬಾಗಿದೆ. ನಿಧಾನ ವೇಗದಲ್ಲಿ ನಡುಕ ಹೆಚ್ಚು ಕಾಣುತ್ತದೆ.
5. ವೇಗಕ್ಕೆ ತಕ್ಕಂತೆ ಏರುವ ಟಿಕ್‌ಟಿಕ್ ಅಥವಾ ಕೀರಲು ಸದ್ದು ಬಂದರೆ ತಂತಿ ತುಂಡಾಗುವ ಮುನ್ಸೂಚನೆ.
6. ಮುಳ್ಳು ಒಮ್ಮೆಲೇ ಗರಿಷ್ಠ ಅಂಕಿಗೆ ಹಾರಿದರೆ ಬಟ್ಟಲು ಅಯಸ್ಕಾಂತಕ್ಕೆ ತಾಗುತ್ತಿದೆ, ಅಥವಾ ಗ್ರೀಸ್ ಒಳಸೇರಿ ಎರಡನ್ನೂ ಅಂಟಿಸಿದೆ.
7. ಎಲ್ಲ ವೇಗದಲ್ಲೂ ಒಂದೇ ಪ್ರಮಾಣದಲ್ಲಿ ಹೆಚ್ಚು ಅಥವಾ ಕಡಿಮೆ ತೋರಿಸಿದರೆ ಟಯರಿನ ಅಳತೆ ಅಥವಾ ಗೇರಿನ ಹಲ್ಲಿನ ಪ್ರಮಾಣ ತಪ್ಪಾಗಿದೆ.

ಮೊದಲ ಲಕ್ಷಣ ಕಂಡಾಗ ಮೀಟರ್ ತುದಿಯನ್ನು ಬಿಚ್ಚಿ ಒಳತಂತಿಯನ್ನು ಬೆರಳಿನಿಂದ ತಿರುಗಿಸಿ ನೋಡಲಾಗುತ್ತದೆ. ವಾಹನ ನಿಂತಿರುವಾಗ ಅದು ಸ್ವಲ್ಪ ಅಲುಗಿ ತಡೆಯಬೇಕು. ತಡೆಯಿಲ್ಲದೆ ಸುತ್ತುತ್ತಲೇ ಹೋದರೆ ತಂತಿ ತುಂಡಾಗಿದೆ ಅಥವಾ ಚಾಲಕ ಗೇರಿನ ಹಲ್ಲು ಹೋಗಿದೆ. ಬಳಿಕ ಒಳತಂತಿಯನ್ನು ಮೇಲಕ್ಕೆ ಎಳೆದರೆ, ತುಂಡಾಗಿದ್ದಲ್ಲಿ ಗಿಡ್ಡ ತುಂಡು ಮಾತ್ರ ಕೈಗೆ ಬರುತ್ತದೆ. ಉಳಿದದ್ದನ್ನು ಚಾಲನೆ ತುದಿಯಿಂದ ತೆಗೆಯಬೇಕು. ತಂತಿ ಇಡಿಯಾಗಿ ಬಂದರೆ ಅದರ ಚೌಕ ತುದಿಗಳ ಮೂಲೆ ಸವೆದು ದುಂಡಾಗಿವೆಯೇ ಎಂದು ನೋಡಬೇಕು. ತುದಿ ದುಂಡಾದ ತಂತಿ ತುಂಡಾದ ತಂತಿಯಷ್ಟೇ ನಿರುಪಯೋಗಿ.

ಚಾಲಕ ಗೇರನ್ನು ಪರೀಕ್ಷಿಸಲು ದ್ವಿಚಕ್ರ ವಾಹನವನ್ನು ನಡು ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಮುಂಗಾಲಿಯನ್ನು ನೆಲದಿಂದ ಎತ್ತಿ ಕೈಯಿಂದ ತಿರುಗಿಸಬೇಕು. ಆಗ ಹಬ್ಬಿನ ರಂಧ್ರದಲ್ಲಿ ಗೇರು ತಿರುಗುವುದು ಕಾಣಬೇಕು. ಕಾರಿನಲ್ಲಿ ಕೇಬಲಿನ ಮೀಟರ್ ತುದಿಯನ್ನು ಬಿಚ್ಚಿಟ್ಟು, ಸಮತಟ್ಟಾದ ಖಾಲಿ ಜಾಗದಲ್ಲಿ ವಾಹನವನ್ನು ಕೆಲವು ಮೀಟರ್ ತಳ್ಳಿದರೆ ಸಾಕು; ಆಗ ಒಳತಂತಿ ತಿರುಗುವುದು ಕಾಣಬೇಕು.

ಮೀಟರಿನ ಪರೀಕ್ಷೆಗೆ ಹಳೆಯ ಒಳತಂತಿಯ ಚೌಕ ತುದಿಯುಳ್ಳ ಸಣ್ಣ ತುಂಡನ್ನು ವಿದ್ಯುತ್ ಡ್ರಿಲ್ಲಿಗೆ ಕಚ್ಚಿಸಿ ಮೀಟರಿನ ಹಿಂಬದಿಯ ರಂಧ್ರಕ್ಕೆ ಕೊಟ್ಟು ನಿಧಾನವಾಗಿ ತಿರುಗಿಸಲಾಗುತ್ತದೆ. ತಿರುಗುವ ದಿಕ್ಕು ವಾಹನದ್ದೇ ಆಗಿರಬೇಕು. ಎದುರು ದಿಕ್ಕಿಗೆ ತಿರುಗಿಸಿದರೆ ಮುಳ್ಳು ಸೊನ್ನೆಯ ತಡೆಗೆ ಒತ್ತಿ ನಿಲ್ಲುತ್ತದೆ. ಮೊದಲು ಬೆರಳಿನಿಂದಲೇ ತಿರುಗಿಸಿ ಬಿಗಿತವಿದೆಯೇ ಎಂದು ನೋಡುವುದು ಕಡ್ಡಾಯ. ಬಿಗಿಯಾದ ಮೀಟರಿಗೆ ಹೊಸ ಕೇಬಲ್ ಹಾಕಿದರೆ ಅದೂ ಬೇಗನೆ ತುಂಡಾಗುತ್ತದೆ.

ಬದಲಾವಣೆ

ಹೊಸ ಕೇಬಲ್ ಕೊಳ್ಳುವಾಗ ಹಳೆಯದನ್ನು ಮಾದರಿಯಾಗಿ ಒಯ್ಯುವುದು ರೂಢಿ. ಕವಚದ ಉದ್ದ, ಒಳತಂತಿಯ ಉದ್ದ, ತುದಿಗಳ ಆಕಾರ, ನಟ್ಟಿನ ಮರೆ (ಥ್ರೆಡ್) ಈ ನಾಲ್ಕೂ ಹೊಂದಬೇಕು. ತುಂಡಾದ ಒಳತಂತಿಯ ಎಲ್ಲ ಚೂರುಗಳನ್ನೂ ಜೋಡಿಸಿ ಅಳೆದರೆ ಮಾತ್ರ ನಿಜವಾದ ಉದ್ದ ಸಿಗುತ್ತದೆ.

ಕೆಲಸಕ್ಕೆ ಸ್ಕ್ರೂಡ್ರೈವರ್, ಸ್ಪ್ಯಾನರ್, ಕಟಿಂಗ್ ಪ್ಲೇಯರ್, ಗ್ರೀಸ್, ಒಂದಿಷ್ಟು ಸೀಮೆಎಣ್ಣೆ ಅಥವಾ ಡೀಸೆಲ್, ಒರೆಸುವ ಬಟ್ಟೆ ಸಾಕು. ಕಾರಿನಲ್ಲಿ ಡ್ಯಾಶ್‌ಬೋರ್ಡಿನ ಹಿಂದೆ ಕೈಹಾಕುವ ಮೊದಲು ಬ್ಯಾಟರಿಯ ಋಣ ತುದಿಯನ್ನು ಬಿಚ್ಚಬೇಕು. ವಾಹನದ ಅಡಿಗೆ ಹೋಗಬೇಕಾದರೆ ಜಾಕ್ ಒಂದನ್ನೇ ನಂಬದೆ ಗಟ್ಟಿ ಸ್ಟ್ಯಾಂಡ್ ಕೊಟ್ಟು, ನೆಲದ ಮೇಲಿರುವ ಗಾಲಿಗಳಿಗೆ ತಡೆ ಇಡಬೇಕು.

ಹೆಚ್ಚಿನ ಮೋಟಾರ್‌ಸೈಕಲ್‌ಗಳಲ್ಲಿ ಹಬ್ಬಿನ ಬಳಿಯ ಸಣ್ಣ ಸ್ಕ್ರೂ ತೆಗೆದು ಕೇಬಲನ್ನು ಕೆಳಕ್ಕೆ ಎಳೆದು, ಮೀಟರಿನ ಅಡಿಯ ನಟ್ಟನ್ನು ಬಿಡಿಸಿದರೆ ಕೇಬಲ್ ಬಿಡುಗಡೆಯಾಗುತ್ತದೆ. ಚೇತಕ್ ಮಾದರಿಯ ಸ್ಕೂಟರ್‌ಗಳಲ್ಲಿ ಕೇಬಲ್ ಮುಂಗಾಲಿಯಿಂದ ಹ್ಯಾಂಡಲಿನ ಕೊಳವೆಯೊಳಗೆ ಹಾದು ಹೆಡ್‌ಲೈಟಿನ ಮೇಲಿನ ಮೀಟರಿಗೆ ಹೋಗುವುದರಿಂದ ಕವಚವನ್ನು ಮುಟ್ಟದೆ ಒಳತಂತಿಯನ್ನಷ್ಟೇ ಬದಲಿಸುವುದು ಸುಲಭ. ಕವಚವನ್ನೂ ಬದಲಿಸಬೇಕಾದರೆ ಹಳೆಯದರ ತುದಿಗೆ ಗಟ್ಟಿ ದಾರ ಕಟ್ಟಿ ಎಳೆದುಕೊಳ್ಳಬೇಕು. ಕೊಳವೆಯಲ್ಲಿ ಉಳಿದ ದಾರಕ್ಕೆ ಹೊಸ ಕವಚವನ್ನು ಕಟ್ಟಿ ಮರಳಿ ಎಳೆಯಬಹುದು. ಕಾರಿನ ಎಂಜಿನ್ ಕೋಣೆಯ ಗೋಡೆಯ ರಬ್ಬರ್ ಬಳೆಯ ಮೂಲಕ ಕೇಬಲ್ ಹಾಯಿಸಲೂ ಇದೇ ವಿಧಾನ ಅನುಕೂಲ.

ಒಳತಂತಿಯನ್ನಷ್ಟೇ ಬದಲಿಸುವಾಗ ಹಳೆಯ ಕವಚದ ಒಳಭಾಗವನ್ನು ಸೀಮೆಎಣ್ಣೆಯಿಂದ ತೊಳೆದು ಒಣಗಿಸಬೇಕು. ತಂತಿಯ ಚೂರು ಒಳಗೆ ಉಳಿದಿದ್ದರೆ ಹೊಸ ತಂತಿ ಅದಕ್ಕೆ ಸಿಕ್ಕಿಕೊಳ್ಳುತ್ತದೆ. ಹೊಸ ಒಳತಂತಿಗೆ ಗ್ರೀಸನ್ನು ತೆಳುವಾಗಿ ಸವರಬೇಕು. ಮೀಟರ್ ತುದಿಯ ಕಡೆಯ ಸುಮಾರು 20 ಸೆಂಟಿಮೀಟರ್ ಭಾಗಕ್ಕೆ ಗ್ರೀಸ್ ಹಚ್ಚುವುದಿಲ್ಲ. ತಿರುಗುವ ತಂತಿ ಗ್ರೀಸನ್ನು ತಾನೇ ಮೇಲಕ್ಕೆ ಒಯ್ಯುತ್ತದೆ. ಹೆಚ್ಚಾದದ್ದು ಮೀಟರಿನೊಳಗೆ ಸೇರಿ ಬಟ್ಟಲನ್ನು ಕೆಡಿಸುತ್ತದೆ. ತೆಳು ಎಣ್ಣೆ ಬೇಗ ಹರಿದು ಹೋಗುವುದರಿಂದ ಅದು ಗ್ರೀಸಿಗೆ ಬದಲಿಯಲ್ಲ.

ಜೋಡಿಸುವಾಗ ಮೊದಲು ಚಾಲನೆ ತುದಿಯನ್ನು ಗೇರಿನಲ್ಲಿ ಕೂರಿಸಿ, ಮೀಟರ್ ತುದಿಯಲ್ಲಿ ಒಳತಂತಿ ಕವಚದಿಂದ ಎಷ್ಟು ಹೊರಚಾಚಿದೆ ಎಂದು ನೋಡಬೇಕು. ಅನೇಕ ಕಾರುಗಳಲ್ಲಿ ಅದು ಸುಮಾರು 10 ಮಿಲಿಮೀಟರ್ ಇರುತ್ತದೆ. ಕಡಿಮೆಯಿದ್ದರೆ ಚೌಕ ತುದಿ ಮೀಟರನ್ನು ಸರಿಯಾಗಿ ಹಿಡಿಯದು. ಹೆಚ್ಚಿದ್ದರೆ ನಟ್ ಬಿಗಿ ಮಾಡಿದಾಗ ತಂತಿ ಮೀಟರಿನ ದಂಡವನ್ನು ಒತ್ತಿ ಬುಷ್ ಸವೆಯುತ್ತದೆ. ನಟ್ಟನ್ನು ಕೈಯಿಂದ ಬಿಗಿ ಮಾಡಿದರೆ ಸಾಕು. ಕೇಬಲಿನ ಬಾಗು 15 ಸೆಂಟಿಮೀಟರ್ ತ್ರಿಜ್ಯಕ್ಕಿಂತ ಕಡಿದಾಗಿರಬಾರದು. ಮೀಟರಿಗೆ ಸೇರುವ ಕೊನೆಯ 5 ಸೆಂಟಿಮೀಟರ್ ನೇರವಾಗಿರಬೇಕು. ದ್ವಿಚಕ್ರ ವಾಹನದಲ್ಲಿ ಹ್ಯಾಂಡಲನ್ನು ಎರಡೂ ಕಡೆಗೆ ಪೂರ್ತಿ ತಿರುಗಿಸಿ, ಮುಂದಿನ ಫೋರ್ಕನ್ನು ಒತ್ತಿ, ಕೇಬಲ್ ಎಳೆಯುತ್ತಿಲ್ಲ, ಗಾಲಿಗೆ ತಾಗುತ್ತಿಲ್ಲ ಎಂದು ಖಚಿತಪಡಿಸಿಕೊಳ್ಳಬೇಕು.

ಜೋಡಣೆಯ ನಂತರದ ಪರೀಕ್ಷೆ

ಮೊದಲು ನಿಧಾನವಾಗಿ ಓಡಿಸಿ ಮುಳ್ಳು ನಡುಗದೆ ಏರುತ್ತದೆಯೇ, ಸದ್ದಿದೆಯೇ ಎಂದು ನೋಡಲಾಗುತ್ತದೆ. ನಿಖರತೆಯನ್ನು ರಸ್ತೆಬದಿಯ ಕಿಲೋಮೀಟರ್ ಕಲ್ಲುಗಳ ನೆರವಿನಿಂದ ಅಳೆಯಬಹುದು. ಮುಳ್ಳನ್ನು 40ರಲ್ಲಿ ಸ್ಥಿರವಾಗಿಟ್ಟರೆ ಒಂದು ಕಿಲೋಮೀಟರಿಗೆ 90 ಸೆಕೆಂಡು, 60ರಲ್ಲಿಟ್ಟರೆ 60 ಸೆಕೆಂಡು ಹಿಡಿಯಬೇಕು. ಸಮಯ ನೋಡುವ ಕೆಲಸವನ್ನು ಹಿಂದೆ ಅಥವಾ ಪಕ್ಕದಲ್ಲಿ ಕುಳಿತವರು ಮಾಡಬೇಕು. ಐದು ಕಲ್ಲುಗಳ ಅಂತರವನ್ನು ದೂರಮಾಪಕದೊಂದಿಗೆ ಹೋಲಿಸಿದರೆ ಗೇರಿನ ಪ್ರಮಾಣ ಸರಿಯಿದೆಯೇ ಎಂಬುದು ತಿಳಿಯುತ್ತದೆ. ಮೀಟರ್ ನಿಂತಿದ್ದ ಅವಧಿಯ ದೂರ ದೂರಮಾಪಕದಲ್ಲಿ ದಾಖಲಾಗದ ಕಾರಣ, ಬದಲಾವಣೆಯ ದಿನದ ಅಂಕಿಯನ್ನು ಸರ್ವಿಸ್ ಪುಸ್ತಕದಲ್ಲಿ ಬರೆದಿಡುವುದು ಎಂಜಿನ್ ಆಯಿಲ್ ಬದಲಿಸುವ ಲೆಕ್ಕಕ್ಕೆ ಅಗತ್ಯ.

ಇತರ ಬಳಕೆಗಳು

ಆಟೊರಿಕ್ಷಾಗಳ ಹಳೆಯ ಯಾಂತ್ರಿಕ ಬಾಡಿಗೆ ಮೀಟರ್ ಇದೇ ಬಗೆಯ ಕೇಬಲಿನಿಂದ ಓಡುತ್ತಿತ್ತು. ಬಾಡಿಗೆ ಮೀಟರುಗಳನ್ನು ಕಾನೂನು ಮಾಪನಶಾಸ್ತ್ರ ಇಲಾಖೆ ಪರಿಶೀಲಿಸಿ ಮುದ್ರೆ ಹಾಕುವುದರಿಂದ, ಕೇಬಲ್ ಬದಲಿಸುವಾಗ ಮುದ್ರೆ ಒಡೆಯುವಂತಿಲ್ಲ. ಹಳೆಯ ಟ್ರ್ಯಾಕ್ಟರುಗಳಲ್ಲಿ ಕೇಬಲ್ ಎಂಜಿನ್ನಿನಿಂದ ಹೊರಟು, ನಿಮಿಷಕ್ಕೆ ಎಷ್ಟು ಸುತ್ತು ಎಂಬುದನ್ನೂ ದುಡಿದ ಗಂಟೆಗಳನ್ನೂ ತೋರಿಸುತ್ತದೆ. ಇಂತಹ ಯಾಂತ್ರಿಕ ಗಂಟೆಮಾಪಕ ಎಂಜಿನ್ ನಿಗದಿತ ವೇಗದಲ್ಲಿ ಓಡಿದಾಗ ಮಾತ್ರ ಗಡಿಯಾರಕ್ಕೆ ಸರಿಸಮನಾಗಿ ಎಣಿಸುತ್ತದೆ. ಟ್ರ್ಯಾಕ್ಟರಿನ ಸರ್ವಿಸ್ ಲೆಕ್ಕ ಕಿಲೋಮೀಟರಿನಲ್ಲಿಲ್ಲದೆ ಗಂಟೆಯಲ್ಲಿರುವುದರಿಂದ ಅಲ್ಲಿ ಕೇಬಲ್ ತುಂಡಾದರೆ ಆಯಿಲ್ ಬದಲಿಸುವ ಗಡುವೇ ತಪ್ಪುತ್ತದೆ.

ಬೂದಿಕೋಟೆ ಪ್ರದೇಶ

ದೂಳಿನ ದಾರಿ ಕೇಬಲನ್ನು ಹೇಗೆ ಬಾಧಿಸುತ್ತದೆ ಎಂಬುದಕ್ಕೆ ಬೂದಿಕೋಟೆ ಪ್ರದೇಶ ಒಂದು ಉದಾಹರಣೆ. ಹೈದರಾಲಿಯ ಜನ್ಮಸ್ಥಳವೆಂದು ಹೆಸರಾದ ಬೂದಿಕೋಟೆ, ಕೋಲಾರ ಜಿಲ್ಲೆಯ ಬಂಗಾರಪೇಟೆ ತಾಲ್ಲೂಕಿಗೆ ಸೇರಿದೆ. ಜಿಲ್ಲೆಯ ಈ ಭಾಗದಲ್ಲಿ ಕೆಂಪು ಮಣ್ಣು ಹೆಚ್ಚು. ಹೊಲದ ದಾರಿಯ ನವಿರಾದ ದೂಳು ಮುಂಗಾಲಿಯ ಹಬ್ಬಿನೊಳಗೆ ಸೇರಿ ಗ್ರೀಸಿನೊಂದಿಗೆ ಬೆರೆತರೆ ಅರದಂತೆ ಉಜ್ಜಿ ಗೇರಿನ ಹಲ್ಲನ್ನು ಸವೆಸುತ್ತದೆ. ಇಂತಹ ದಾರಿಯಲ್ಲಿ ಓಡಾಡುವ ವಾಹನಗಳಲ್ಲಿ ಕೇಬಲಿನೊಂದಿಗೆ ಹಬ್ಬಿನ ಗೇರನ್ನೂ ಬಿಚ್ಚಿ ತೊಳೆದು ಹೊಸ ಗ್ರೀಸ್ ತುಂಬುವುದು, ದೂಳು ತಡೆಯುವ ರಬ್ಬರ್ ಸೀಲನ್ನು ಬದಲಿಸುವುದು ಕೇಬಲಿನ ಬಾಳಿಕೆಯನ್ನು ಹೆಚ್ಚಿಸುತ್ತದೆ. ಸ್ಥಳೀಯ ಪೇಟೆಯಲ್ಲಿ ಸಿಗದ ಹಳೆಯ ಮಾದರಿಗಳ ಬಿಡಿಭಾಗಗಳಿಗೆ ರಾಜ್ಯದ ದೊಡ್ಡ ಮಾರುಕಟ್ಟೆ ಬೆಂಗಳೂರಿನ ಜೆ.ಸಿ. ರಸ್ತೆ.

ಕಾನೂನು

1989ರ ಕೇಂದ್ರ ಮೋಟಾರು ವಾಹನ ನಿಯಮಗಳ 117ನೆಯ ನಿಯಮ ವಾಹನದಲ್ಲಿ ವೇಗಮಾಪಕ ಇರಬೇಕೆಂದು ವಿಧಿಸುತ್ತದೆ. ಕೃಷಿ ಟ್ರ್ಯಾಕ್ಟರಿಗೆ ಇದರಿಂದ ವಿನಾಯಿತಿ ಇದೆ. ಖಾಸಗಿ ವಾಹನದ ನೋಂದಣಿಯ ಅವಧಿ 15 ವರ್ಷ. ಅದನ್ನು ನವೀಕರಿಸುವಾಗ ವಾಹನ ಪರಿಶೀಲನೆಗೆ ಒಳಪಡುತ್ತದೆ. ವಿಶ್ವಸಂಸ್ಥೆಯ ಯುರೋಪ್ ಆರ್ಥಿಕ ಆಯೋಗದ 39ನೆಯ ನಿಯಮಾವಳಿಯಂತೆ ಮೀಟರ್ ತೋರಿಸುವ ವೇಗ ನಿಜವಾದ ವೇಗಕ್ಕಿಂತ ಕಡಿಮೆ ಇರಬಾರದು. ಅನೇಕ ಮೀಟರುಗಳು ನಿಜಕ್ಕಿಂತ ಸ್ವಲ್ಪ ಹೆಚ್ಚು ತೋರಿಸಲು ಇದೇ ಕಾರಣ.

ಇಂದಿನ ಸ್ಥಿತಿ

ಹೊಸ ವಾಹನಗಳಲ್ಲಿ ಗೇರ್‌ಬಾಕ್ಸ್ ಅಥವಾ ಗಾಲಿಯ ಬಳಿಯ ಸಂವೇದಕ ಪ್ರತಿ ಸುತ್ತಿಗೂ ವಿದ್ಯುತ್ ಮಿಡಿತಗಳನ್ನು ಕಳಿಸುತ್ತದೆ. ಮೀಟರ್ ಅವುಗಳನ್ನು ಎಣಿಸಿ ವೇಗವನ್ನು ಲೆಕ್ಕಹಾಕುತ್ತದೆ. ಚಕ್ರ ಕಟ್ಟಿಕೊಳ್ಳದಂತೆ ತಡೆಯುವ ಎಬಿಎಸ್ ಬ್ರೇಕಿಗೂ ವೇಗದ ಎಚ್ಚರಿಕೆ ಸಾಧನಕ್ಕೂ ಇಂತಹ ಸಂಕೇತವೇ ಬೇಕು. 2019ರ ಜುಲೈ 1ರಿಂದ ಭಾರತದಲ್ಲಿ ತಯಾರಾಗುವ ಕಾರುಗಳಲ್ಲಿ ಗಂಟೆಗೆ 80 ಕಿಲೋಮೀಟರ್ ದಾಟಿದಾಗ ಎಚ್ಚರಿಸುವ ಸಾಧನ ಕಡ್ಡಾಯವಾಗಿದೆ. 2020ರಲ್ಲಿ ವಿದ್ಯುತ್ ಸ್ಕೂಟರಾಗಿ ಮರಳಿದ ಚೇತಕ್‌ನಲ್ಲಿ ಮುಳ್ಳಿನ ಬದಲು ಡಿಜಿಟಲ್ ಫಲಕವಿದೆ. ಕೇಬಲ್ ಮೀಟರಿನ ಹಳೆಯ ದ್ವಿಚಕ್ರ ವಾಹನಗಳು ಇನ್ನೂ ಬಳಕೆಯಲ್ಲಿರುವುದರಿಂದ ಅವುಗಳ ಕೇಬಲ್, ಒಳತಂತಿ ಮತ್ತು ಹಬ್ಬಿನ ಗೇರು ಬಿಡಿಭಾಗಗಳಾಗಿ ಮಾರಾಟದಲ್ಲಿ ಮುಂದುವರಿದಿವೆ.